ಓದದೆ ಹಾಕಿದ ಸಹಿ

ಗೋಪೀನಾಥ ಇಂಗ್ಲಿಷಿನಲ್ಲಿ ಯಾರನ್ನೂ ಬಯ್ಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅವನು ದೇವರಂಥ ಮನುಷ್ಯ. ಸ್ಲೈಡಿನ ಟ್ರೇ ಕೈಜಾರಿ ಬೀಳಿಸಿದವರಿಗೂ 'ನೋ ವರೀಸ್' ಅನ್ನುತ್ತಿದ್ದ. ತಡವಾಗಿ ಬಂದವರಿಗೆ ಟ್ರೇನು ಕೈಕೊಟ್ಟಿತಾ ಎಂದು ತಾನೇ ನೆಪ ಹುಡುಕಿಕೊಡುತ್ತಿದ್ದ. ಸಿಟ್ಟನ್ನೆಲ್ಲ ಕನ್ನಡಕ್ಕೆಂದು ಎತ್ತಿಟ್ಟುಕೊಳ್ಳುತ್ತಿದ್ದ. ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಆ ಖಾಸಗಿ ಲ್ಯಾಬಿನ ಹತ್ತೊಂಬತ್ತು ಜನರಲ್ಲಿ, ಮ್ಯಾನೇಜರ್ ಆಗಿದ್ದ ಅವನನ್ನು ಬಿಟ್ಟರೆ ಕನ್ನಡ ಅರ್ಥವಾಗುತ್ತಿದ್ದುದು ನಿಶ್ಮಿತಾ ಒಬ್ಬಳಿಗೇ.

"ಏನಮ್ಮಾ, ಕೊಬ್ಬು ಜಾಸ್ತಿ ಆಯ್ತಾ ನಿಂಗೆ? ನಿನ್ನನ್ನ ಇಲ್ಲಿಗೆ ಕರ್ಕೊಂಡ್ ಬಂದೋನು ಯಾರು ಅನ್ನೋದು ಮರ್ತೋಯ್ತಾ?"

ಇದನ್ನೂ ಅವನು ನಗುನಗುತ್ತಲೇ, ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಹೇಳುತ್ತಿದ್ದ. ದೂರದಿಂದ ನೋಡಿದವರಿಗೆ, ಊರಲ್ಲಿ ಅಮ್ಮ ಹೇಗಿದ್ದಾರೆ ಎಂದು ವಿಚಾರಿಸುತ್ತಿರುವ ಹಾಗೆ ಕಾಣಬೇಕು. ಲ್ಯಾಬಿನ ಡೈರೆಕ್ಟರ್ ಡೆಬ್ರಾ ಒಮ್ಮೆ ಆ ದಾರಿಯಲ್ಲಿ ಹೋಗುತ್ತ ನಿಂತು, ನಿಮ್ಮಿಬ್ಬರಿಗೂ ನಿಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳಲು ಆಗುವುದು ಎಷ್ಟು ಚಂದ ಎಂದಿದ್ದಳು. ನಿಶ್ಮಿತಾ ಹೌದೆಂದು ತಲೆಯಾಡಿಸಿದ್ದಳು.

ನೋಡಿದರೆ ಅದು ಅವಳ ಮನೆಮಾತೂ ಅಲ್ಲ. ಬೆಳ್ಮಣ್ಣಿನ ಅವಳ ಮನೆಯಲ್ಲಿ ಮಾತೆಲ್ಲ ತುಳು. ಕನ್ನಡವೆಂದರೆ ಅವಳಿಗೆ ಶಾಲೆ, ಮಾಸ್ಟ್ರು, ಪೆಟ್ಟಿಗಾಗಿ ಮುಂದೆ ಚಾಚಿದ ಅಂಗೈ. ಮೂವತ್ತಮೂರು ವರ್ಷದ ಹೆಂಗಸು, ಸ್ವಂತ ಸಂಪಾದನೆ, ಸ್ವಂತ ಕಾರು. ಆದರೂ ಗೋಪೀನಾಥ ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಐದನೇ ಕ್ಲಾಸಿನ ಹುಡುಗಿಯಾಗಿ ನಿಂತುಬಿಡುತ್ತಿದ್ದಳು. ತನ್ನ ಈ ಬುದ್ಧಿಯ ಮೇಲೆಯೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎದುರಿಗೆ 'ಸರ್', 'ನೀವು'. ಮನಸ್ಸಿನಲ್ಲಿ ಮಾತ್ರ ಬರೀ ಗೋಪೀನಾಥ, ಏಕವಚನ. ಎಂಟು ವರ್ಷದಲ್ಲಿ ಅವಳು ತೀರಿಸಿಕೊಂಡ ಸೇಡು ಅಷ್ಟೇ. ಹಾಗಾಗಿ ಈ ಕತೆಯಲ್ಲೂ ಅವನಿಗೆ ಏಕವಚನವೇ ಇರಲಿ.

ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಾಲಜಿ ಓದಿ, ಮೆಲ್ಬರ್ನಿನಲ್ಲಿ ಅಣ್ಣ ಜಯೇಶನ ಮನೆಯಲ್ಲಿದ್ದುಕೊಂಡು ಒಂದು ಡಿಪ್ಲೊಮಾ ಮಾಡಿ ಕೆಲಸಕ್ಕೆ ಅಲೆಯುತ್ತಿದ್ದಾಗ, ಅವಳನ್ನು ಸಿಡ್ನಿಗೆ ಕರೆಸಿ, ಕಂಪನಿಯಿಂದ ವೀಸಾಕ್ಕೆ ಸ್ಪಾನ್ಸರ್ ಮಾಡಿಸಿದವನು ಗೋಪೀನಾಥ. ಅದು ಸುಳ್ಳಲ್ಲ. ಅವನು ಮೈಸೂರಿನವನು, ಕೆಲ್ಲಿವಿಲ್‌ನಲ್ಲಿ ದೊಡ್ಡ ಮನೆ, ಯುಗಾದಿ ಕಾರ್ಯಕ್ರಮದಲ್ಲಿ ಮುಂದಿನ ಸಾಲು. ಅಲ್ಲಿ ಸಿಕ್ಕಿದವರಿಗೆಲ್ಲ 'ನಮ್ ಲ್ಯಾಬ್ ಹುಡ್ಗಿ, ನಾನೇ ಕರೆಸಿದ್ದು' ಎಂದು ಅವಳನ್ನು ತೋರಿಸುತ್ತಿದ್ದ. ಮಾಡಿದ ಉಪಕಾರವನ್ನು ಅವನೂ ಮರೆಯಲಿಲ್ಲ, ಅವಳಿಗೂ ಮರೆಯಲು ಬಿಡಲಿಲ್ಲ. ಅವಳಿಗೆ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ಬಂದು ಮೂರು ವರ್ಷವಾಗಿತ್ತು. ಅವನ ಹಂಗು ಹರಿದ ಮೇಲೂ ಅವಳ ಬಾಯಿಗೆ ಬಿದ್ದ ಬೀಗ ಹಾಗೇ ಇತ್ತು.

ಅವಳ ಕೆಲಸವೇನೆಂದರೆ, ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕುವುದು. ಡಾಕ್ಟರು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತಾರೆ. ಸ್ಲೈಡುಗಳು ಡಾಕ್ಟರ ಕೈ ಸೇರುವ ಮೊದಲು, ಹೆಸರು ಸರಿಯಿದೆಯೇ, ಬಣ್ಣ ಸರಿಯಾಗಿ ಕೂತಿದೆಯೇ ಎಂದು ಒಂದೊಂದನ್ನೂ ನೋಡಿ, ಜೊತೆಗಿರುವ ಶೀಟಿಗೆ ಗೋಪೀನಾಥ ಸಹಿ ಹಾಕಬೇಕು. ಸಹಿ ಹಾಕುತ್ತಿದ್ದ. ನೋಡುತ್ತಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು. ಯಾರೂ ಹೇಳದಿದ್ದರೂ ನಿಶ್ಮಿತಾ ಆ ಶೀಟುಗಳನ್ನು ಇನ್ನೊಮ್ಮೆ ನೋಡುತ್ತಿದ್ದಳು. ತಪ್ಪು ಕಂಡರೆ ಒಂದು ಹಳದಿ ಚೀಟಿ ಅಂಟಿಸಿ ಅವನ ಟೇಬಲ್ಲಿಗೆ ವಾಪಸ್ ಇಡುತ್ತಿದ್ದಳು. ಅವನು ತಿದ್ದಿ, ಚೀಟಿಯನ್ನು ಹರಿದು ಕಸದ ಬುಟ್ಟಿಗೆ ಹಾಕುತ್ತಿದ್ದ. ಅವಳು ತನ್ನ ನೋಟ್‌ಬುಕ್ಕಿನಲ್ಲಿ ತಾರೀಕು ಬರೆದಿಡುತ್ತಿದ್ದಳು.

ಫೆಬ್ರವರಿಯಲ್ಲಿ ಇಬ್ಬರು ಹೆಂಗಸರ ಸ್ಲೈಡುಗಳ ಹೆಸರು ಅದಲುಬದಲಾಯಿತು. ಶೀಟಿನ ಮೇಲೆ ಗೋಪೀನಾಥನ ಸಹಿ ಬಿದ್ದು, ಸ್ಲೈಡುಗಳು ಡಾಕ್ಟರ ಟ್ರೇಯನ್ನೂ ಸೇರಿದ್ದವು. ಒಬ್ಬಳಿಗೆ ಕ್ಯಾನ್ಸರ್ ಇತ್ತು, ಇನ್ನೊಬ್ಬಳಿಗೆ ಇರಲಿಲ್ಲ; ಅದು ತಿಳಿದದ್ದು ಆಮೇಲೆ. ಶೀಟನ್ನು ಇನ್ನೊಮ್ಮೆ ನೋಡುವಾಗ ಹೆಸರು ಬದಲಾದದ್ದು ನಿಶ್ಮಿತಾಗೆ ಹೊಳೆಯಿತು. ಓಡಿಹೋಗಿ ಟ್ರೇಯಿಂದ ಎತ್ತಿಕೊಂಡು ಬಂದಳು. ಇಂಥದ್ದು ನಡೆದರೆ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮವಿದೆ.

"ಇದನ್ನು ರಿಜಿಸ್ಟರಿಗೆ ಹಾಕ್ಬೇಕು ಸರ್" ಎಂದಳು.

"ಹಾಕು. ಹಾಕಿ ನೋಡು. ಸ್ಲೈಡ್ ವಾಪಸ್ ಬಂತಲ್ಲ, ಯಾರ್ ಸತ್ತೋದ್ರು ಈಗ? ನೀನ್ಯಾವಾಗ ಪೊಲೀಸ್ ಆದೆ?" ಅವನ ಮುಖದಲ್ಲಿ ಅದೇ ನಗು.

ಅವಳು ಹಾಕಲಿಲ್ಲ. ಆ ಇಬ್ಬರು ಹೆಂಗಸರ ಹೆಸರು ಮಾತ್ರ ಅವಳಿಗೆ ಬಾಯಿಪಾಠವಾಗಿ ಉಳಿಯಿತು.

ಇನ್ನು ಹಾಲೆಂಡಿನ ವಿಷಯ. ಅದಕ್ಕೆ ಒಂದು ವರ್ಷ ಮೊದಲು, ಅಲ್ಲಿನ ಒಂದು ಯೂನಿವರ್ಸಿಟಿಯವರು ಸ್ಲೈಡುಗಳನ್ನು ಕಂಪ್ಯೂಟರಿನಿಂದ ಓದಿಸುವ ಬಗ್ಗೆ ಬರೆದಿದ್ದ ಲೇಖನ ಅವಳ ಕಣ್ಣಿಗೆ ಬಿದ್ದಿತ್ತು. ಮೂರನೇ ಚಿತ್ರದಲ್ಲಿ ಒಂದು ಕಪ್ಪು ಗೆರೆಗೆ ಬಾಣ ಹಾಕಿ ರೋಗವೆಂದು ಗುರುತು ಮಾಡಿದ್ದರು. ಅದು ರೋಗವಲ್ಲ, ಕತ್ತರಿಸುವಾಗ ಬಿದ್ದ ಮಡಿಕೆ. ದಿನಕ್ಕೆ ನೂರು ಸ್ಲೈಡು ಮಾಡುವವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಅವಳಿಗೆ ಸುಮ್ಮನಿರಲಾಗಲಿಲ್ಲ, ಮೇಲ್ ಬರೆದಳು. ಮೂರು ದಿನಕ್ಕೆ ಎರಡು ಸಾಲಿನ ಉತ್ತರ ಬಂತು. 'ನೀವು ಹೇಳಿದ್ದು ಸರಿ. ನೀವು ಯಾಕೆ ಓದುತ್ತಿಲ್ಲ?'

ಆ ಎರಡನೇ ಸಾಲನ್ನು ಅವಳು ಟ್ರೇನಿನಲ್ಲಿ ಎಷ್ಟು ಸಲ ಓದಿದಳೋ. ಈ ಲ್ಯಾಬಿನಲ್ಲಿ ಇನ್ನು ಇಪ್ಪತ್ತು ವರ್ಷ ಇದ್ದರೂ ಅವಳು ಕತ್ತರಿಸಿಕೊಡುವವಳೇ, ನೋಡಿ ಹೇಳುವವಳಲ್ಲ. ಅವಳಿಗೆ ನೋಡಿ ಹೇಳುವವಳಾಗಬೇಕಿತ್ತು. ಎರಡು ವರ್ಷದ ಮಾಸ್ಟರ್ಸ್, ಸೆಪ್ಟೆಂಬರಿಗೆ ಶುರು. ಗೊತ್ತಿದ್ದವರೆಲ್ಲ ನಕ್ಕರು. ಆಸ್ಟ್ರೇಲಿಯಾ ಪಿಆರ್ ಕೈಯಲ್ಲಿಟ್ಟುಕೊಂಡು ಮತ್ತೆ ಇನ್ನೊಂದು ದೇಶದಲ್ಲಿ ಸ್ಟೂಡೆಂಟ್ ವೀಸಾಕ್ಕೆ ಕ್ಯೂ ನಿಲ್ಲುವವರುಂಟೇ, ತಲೆ ಕೆಟ್ಟಿದೆಯೇ ಎಂದರು. ನಕ್ಕವರಲ್ಲಿ ಅರ್ಧದಷ್ಟು ಜನಕ್ಕೆ ಹೊಟ್ಟೆಕಿಚ್ಚು ಎಂದು ಅವಳು ತನಗೆ ತಾನೇ ಹೇಳಿಕೊಂಡು ಅರ್ಜಿ ತುಂಬಿದಳು.

ಅರ್ಜಿಗೆ ಎರಡು ಶಿಫಾರಸು ಪತ್ರ ಬೇಕಿತ್ತು. ಒಂದನ್ನು ಕೆಲಸದ ಮೇಲಿನವರು ಕೊಡಬೇಕು, ಇನ್ನೊಂದನ್ನು ಪಾಠ ಹೇಳಿದವರು.

"ಬರ್ಕೊಂಡ್ ಬಾ, ಸೈನ್ ಹಾಕ್ತೀನಿ" ಎಂದ ಗೋಪೀನಾಥ.

ಮೆಲ್ಬರ್ನಿನ ಡಿಪ್ಲೊಮಾದಲ್ಲಿ ಪಾಠ ಹೇಳಿದ್ದ ಮಹಾಶ್ವೇತಾ ಮೇಡಂ ಬೆಂಗಳೂರಿನವರು. "ಡ್ರಾಫ್ಟ್ ಕಳ್ಸಮ್ಮ, ನೋಡಿ ಸೈನ್ ಮಾಡ್ತೀನಿ" ಎಂದರು.

ನಮ್ಮ ಕಡೆ ಕಾಲೇಜು ಮುಗಿಸಿದವರಿಗೆ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಮೇಷ್ಟ್ರುಗಳಿಗೆ ಬರೆಯಲು ಪುರುಸೊತ್ತಿಲ್ಲ. ಮಕ್ಕಳೇ ತಮ್ಮ ಗುಣಗಾನ ತಾವೇ ಬರೆದುಕೊಂಡು ಹೋಗಿ ಸ್ಟಾಫ್ ರೂಮಿನ ಹೊರಗೆ ಸಾಲು ನಿಲ್ಲುತ್ತಾರೆ. ನಿಶ್ಮಿತಾಳ ಮಂಗಳೂರಿನ ಕಾಲೇಜಿನಲ್ಲಿ ಅದಕ್ಕೊಂದು ಸಿದ್ಧ ಪತ್ರವೇ ಇತ್ತು. ಯಾವ ಕಾಲದ ಯಾವ ಸೀನಿಯರ್ ಬರೆದದ್ದೋ, ಬ್ಯಾಚಿನಿಂದ ಬ್ಯಾಚಿಗೆ ಪೆನ್‌ಡ್ರೈವಿನಲ್ಲಿ, ಆಮೇಲೆ ವಾಟ್ಸಾಪಿನಲ್ಲಿ ಇಳಿದುಬಂದಿತ್ತು. ಅವಳು ಅದನ್ನೇ ತೆಗೆದು ಅಲ್ಲಿ ಇಲ್ಲಿ ನಾಲ್ಕು ಮಾತು ಬದಲಿಸಿ ಎರಡು ಪತ್ರ ಮಾಡಿದಳು. 'ಈಕೆಯನ್ನು ಶಿಫಾರಸು ಮಾಡಲು ನನಗೆ ಅಪಾರ ಸಂತೋಷವಾಗುತ್ತಿದೆ. ಪ್ರಾಮಾಣಿಕಳು, ಶ್ರಮಜೀವಿ, ವಿಧೇಯಳು, ಹಿರಿಯರಿಗೆ ಎಂದೂ ಎದುರಾಡಿದವಳಲ್ಲ.' ಗೋಪೀನಾಥ ಒಂದು ಕೈಯಲ್ಲಿ ಫೋನು ಹಿಡಿದು ಸಹಿ ಹಾಕಿದ. ಅವಳು ಎರಡನ್ನೂ ಕಳಿಸಿ, ಒಂದು ಕೆಲಸ ಮುಗಿಯಿತೆಂದುಕೊಂಡಳು.

ಮೇ ತಿಂಗಳಲ್ಲಿ ಹನ್ನೆಕೆ ಎಂಬಾಕೆಯಿಂದ ಮೇಲ್ ಬಂತು. ಆ ಕೋರ್ಸಿಗೆ ವಿದ್ಯಾರ್ಥಿಗಳನ್ನು ಆರಿಸುವವಳು ಅವಳೇ. ಡಚ್ಚರು ಸುತ್ತಿ ಬಳಸಿ ಮಾತಾಡುವವರಲ್ಲ ಎಂದು ನಿಶ್ಮಿತಾ ಕೇಳಿದ್ದಳು, ಈಗ ಕಣ್ಣಾರೆ ಕಂಡಳು. 'ನಿಮ್ಮ ಎರಡೂ ಪತ್ರಗಳನ್ನು ತಿರಸ್ಕರಿಸಿದ್ದೇನೆ. ಈ ಪತ್ರ ನನಗೆ ಹಳೆಯ ಪರಿಚಯ. ಆರು ವರ್ಷದಲ್ಲಿ ಹನ್ನೊಂದು ಬೇರೆ ಬೇರೆ ಸಹಿಗಳೊಂದಿಗೆ ಬಂದಿದೆ. ಬರೆದವರು ನೀವೇ ಎಂದು ಭಾವಿಸುತ್ತೇನೆ. ನೀವು ಹಿರಿಯರಿಗೆ ಎದುರಾಡುವುದಿಲ್ಲವೆಂದು ಎರಡರಲ್ಲೂ ಇದೆ, ಆದರೆ ನಮ್ಮ ಮೂರನೇ ಚಿತ್ರ ತಪ್ಪೆಂದು ಬರೆದವರೂ ನೀವೇ. ಎರಡರಲ್ಲಿ ಒಂದು ಸುಳ್ಳು. ಹತ್ತು ದಿನದೊಳಗೆ ಅವರಿಬ್ಬರೂ ತಾವೇ ಬರೆದು, ತಮ್ಮ ಕಚೇರಿಯ ಮೇಲ್‌ನಿಂದ ನೇರ ನನಗೆ ಕಳಿಸಬೇಕು. ಅವರು ಬರೆದದ್ದನ್ನು ಸಂದರ್ಶನದಲ್ಲಿ ನಿಮಗೆ ಓದಿ ಹೇಳಲಾಗುವುದು. ಪತ್ರ ಬರದಿದ್ದರೆ ನಿಮ್ಮ ಅರ್ಜಿ ಅಲ್ಲಿಗೆ ಮುಗಿಯುತ್ತದೆ.' ಇದರ ಪ್ರತಿ ಗೋಪೀನಾಥನಿಗೂ ಹೋಗಿತ್ತು, ಮೇಡಂಗೂ ಹೋಗಿತ್ತು.

ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗಾಯಿತು. ಎಲ್ಲರೂ ಮಾಡುವುದನ್ನೇ ಮಾಡಿದ್ದಲ್ಲವೇ ಎಂದು ಸಿಟ್ಟೂ ಬಂತು, ಆ ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ.

ಗೋಪೀನಾಥನಿಗೆ ಅಂಥ ಗೊಂದಲವಿರಲಿಲ್ಲ. ಬೆಳಿಗ್ಗೆ ಬಂದವನೇ ಅವಳನ್ನು ಫ್ರಿಜ್ಜುಗಳ ಹಿಂದಕ್ಕೆ ಕರೆದ. ಅವತ್ತು ಮೊದಲ ಬಾರಿಗೆ ಅವನ ಮುಖದಲ್ಲಿ ನಗು ಇರಲಿಲ್ಲ.

"ನನ್ ಮಾನ ಮರ್ಯಾದೆ ಹಾಲೆಂಡ್‌ವರೆಗೂ ಹರಾಜ್ ಹಾಕ್ದೆಯಲ್ಲಮ್ಮಾ! ಸುಳ್ಳು ಲೆಟರ್‌ಗೆ ಸೈನ್ ಹಾಕೋನು ಅಂತಾಯ್ತಲ್ಲ ನಾನು?"

"ಬರ್ಕೊಂಡು ಬಾ ಅಂತ ನೀವೇ ಹೇಳಿದ್ದಲ್ವಾ ಸರ್?"

"ಎದುರು ಮಾತಾಡ್ತೀಯಾ? ಯಾವನೋ ಬರೆದಿದ್ದನ್ನ ಕದ್ಕೊಂಡ್ ಬಾ ಅಂದಿದ್ನಾ? ಓದ್ದೆ ಸೈನ್ ಹಾಕಿದ್ದು ನಿನ್ ಮೇಲಿನ ನಂಬಿಕೆಯಿಂದ." ಅವನು ಬೆರಳೆತ್ತಿದ. "ಆಯ್ತು, ನಾನೇ ಬರೀತೀನಿ. ಇರೋದನ್ನ ಇರೋ ಹಾಗೇ ಬರೀತೀನಿ. ಆಮೇಲೆ ನನ್ ಮುಂದೆ ಬಂದು ಅಳ್ಬೇಡ."

ಫ್ರಿಜ್ಜುಗಳ ಹಿಂದಿನಿಂದ ಆಚೆ ಬರುವಷ್ಟರಲ್ಲಿ ನಗು ಮತ್ತೆ ಮುಖಕ್ಕೆ ಬಂದಿತ್ತು. ಎದುರಿಗೆ ಸಿಕ್ಕ ರಿಸೆಪ್ಷನಿಸ್ಟಿಗೆ ವೀಕೆಂಡಿಗೆ ಹವಾ ಚೆನ್ನಾಗಿರುತ್ತದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಮಹಾಶ್ವೇತಾ ಮೇಡಂ ಫೋನಿನಲ್ಲಿ ಬೈದರು. ಆದರೆ ಬೈದು ಮುಗಿಸಿ, "ತಪ್ಪು ನಂದೂ ಇದೆ ಬಿಡು. ನಿನ್ನ ಮುಖಾನೇ ಸರಿಯಾಗಿ ನೆನಪಿಲ್ಲಮ್ಮ, ಏನಂತ ಬರೀಲಿ? ಒಂದ್ಸಲ ಬಂದು ಎದುರಿಗೆ ಕೂತ್ಕೋ" ಎಂದರು. ನಿಶ್ಮಿತಾ ಶನಿವಾರದ ವಿಮಾನ ಹತ್ತಿ ಮೆಲ್ಬರ್ನಿಗೆ ಹೋದಳು. ಕೆಫೆಯೊಂದರಲ್ಲಿ ಮೇಡಂ ಒಂದು ಗಂಟೆ ಅವಳನ್ನು ಪ್ರಶ್ನೆ ಕೇಳಿದರು, ಹಳೆಯ ಅಂಕಪಟ್ಟಿ ತಿರುವಿ ನೋಡಿದರು, ಅಲ್ಲೇ ಲ್ಯಾಪ್‌ಟಾಪ್ ತೆರೆದು ಬರೆದು ಕಳಿಸಿದರು. ಕಾಫಿಯ ದುಡ್ಡನ್ನೂ ಅವರೇ ಕೊಟ್ಟರು. ಈ ಕತೆಯಲ್ಲಿ ದೊಡ್ಡವರ ಹಾಗೆ ನಡೆದುಕೊಂಡವರು ಅವರೊಬ್ಬರೇ.

ಸಂದರ್ಶನ ಸೋಮವಾರ ಸಂಜೆ ಆರಕ್ಕೆ, ಹಾಲೆಂಡಿನಲ್ಲಿ ಆಗ ಬೆಳಿಗ್ಗೆ ಹತ್ತು. ನಿಶ್ಮಿತಾ ರಜೆ ಹಾಕಿ ಕ್ಲೈಡ್ ನಾರ್ತ್‌ನಲ್ಲಿ ಅಣ್ಣನ ಮನೆಯಲ್ಲೇ ಉಳಿದಳು. ಜಯೇಶ ಅವಳಿಗಿಂತ ಏಳು ವರ್ಷಕ್ಕೆ ದೊಡ್ಡವನು, ಒಂದು ಗೋದಾಮಿನಲ್ಲಿ ಮ್ಯಾನೇಜರು. ಎರಡು ದಿನದಿಂದ ಒಂದೇ ರಾಗ: ಪಿಆರ್, ಮದುವೆ, ಮನೆ, ಮಾರ್ಟ್‌ಗೇಜ್. ಅವಳ ವಯಸ್ಸಿನವರೆಲ್ಲ ಆ ಸಬರ್ಬಿನಲ್ಲಿ ಎರಡೆರಡು ಮಗು ಎತ್ತಿಕೊಂಡು ಓಡಾಡುತ್ತಿರುವಾಗ ಇವಳು ಮತ್ತೆ ಪುಸ್ತಕದ ಚೀಲ ಹೊರುತ್ತಾಳಂತೆ.

ಐದು ಗಂಟೆಗೆ ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತಲೆ ಬಾಚಿಕೊಳ್ಳುತ್ತಿದ್ದಾಗ ಅವನು ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅಣ್ಣ ತಂಗಿಯ ಮಾತೆಲ್ಲ ತುಳುವಿನಲ್ಲೇ. ಕನ್ನಡದಲ್ಲಿ ಹೇಳಿದರೆ ಹೀಗೆ.

"ನಾನು ಗೋಪೀನಾಥರಿಗೆ ಫೋನ್ ಮಾಡಿದ್ದೆ."

"ಯಾರು ಮಾಡ್ಲಿಕ್ಕೆ ಹೇಳಿದ್ದು ನಿನಗೆ?"

"ಯಾರಾದ್ರೂ ಹೇಳ್ಬೇಕಾ? ಅಣ್ಣ ಅಲ್ವಾ ನಾನು? ಪತ್ರ ಕಳ್ಸಿ ಆಗಿದೆಯಂತೆ. ಸ್ವಲ್ಪ ಖಾರ ಉಂಟಂತೆ. ನೀನೊಂದು ಫೋನ್ ಮಾಡಿ 'ತಪ್ಪಾಯ್ತು ಸರ್' ಅಂದ್ರೆ, ಸಿಟ್ಟಿನಲ್ಲಿ ಬರೆದದ್ದು ಅಂತ ಹೇಳಿ ವಾಪಸ್ ತಗೊಳ್ತಾರಂತೆ. ಈಗ್ಲೇ ಬೇರೆ ಒಳ್ಳೇದು ಕಳಿಸ್ತಾರಂತೆ. ಒಂದು ಗಂಟೆ ಟೈಮ್ ಉಂಟು, ಮಾಡು."

"ಯಾವ ತಪ್ಪು?"

"ಯಾವುದಾದ್ರೂ ಆಗ್ಲಿ ಮಾರಾಯ್ತಿ! ಅಂದ್ರೆ ಬಾಯಿ ಸವೆಯುತ್ತಾ? ಮತ್ತೆ ಅದೆಂತದೋ ಹಳದಿ ಚೀಟಿ, ಫೆಬ್ರವರಿ ಅಂತೆಲ್ಲ ಹೇಳಿದ್ರು. ಅದನ್ನು ಇನ್ನು ಎಲ್ಲಿಯೂ ಎತ್ತುವುದಿಲ್ಲ ಅಂತ್ಲೂ ಹೇಳ್ಬೇಕಂತೆ."

ಅವಳು ಫೋನ್ ಕೈಗೆತ್ತಿಕೊಂಡಳು. ಇಲ್ಲವೆಂದು ಯಾಕೆ ಹೇಳಬೇಕು, ಎತ್ತಿಕೊಂಡಳು. ಆ ಸೀಟು ಅವಳಿಗೆ ಅಷ್ಟು ಬೇಕಿತ್ತು. 'ಗೋಪೀನಾಥ ಸರ್' ಎಂಬ ಹೆಸರಿನ ಮೇಲೆ ಬೆರಳಿಟ್ಟರೆ ಮುಗಿಯಿತು, ಒಂದು ನಿಮಿಷದ ಮಾತು, ಎಂಟು ವರ್ಷದಲ್ಲಿ ಸಾವಿರ ಸಲ ಅಂದ 'ಸಾರಿ ಸರ್'ಗೆ ಇನ್ನೊಂದು. ಆಗ ಆ ಇಬ್ಬರು ಹೆಂಗಸರ ಹೆಸರು ತಾನಾಗಿ ಅವಳ ನಾಲಿಗೆಗೆ ಬಂತು. ಅವಳು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

"ಮಾಡುವುದಿಲ್ಲ."

"ಸೊಕ್ಕು! ವೀಸಾ ಕೊಡಿಸಿದವರ ಹತ್ರ ತೋರಿಸುವ ಸೊಕ್ಕಾ ಇದು? ಸೀಟು ಹೋದ ಮೇಲೆ ಇಲ್ಲಿ ಬಂದು ಮೂಗು ಒರೆಸ್ಬೇಡ."

"ನೀನು ಅವನಿಗೆ ಅಣ್ಣನಾ, ನನಗೆ ಅಣ್ಣನಾ?"

ಜಯೇಶ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. ಆದರೆ ಕೋಣೆ ಬಿಟ್ಟು ಹೋಗಲಿಲ್ಲ. ಆರು ಗಂಟೆಗೆ ಲ್ಯಾಪ್‌ಟಾಪಿನ ಹಿಂಬದಿಯಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ, ಗೋಡೆಗೆ ಒರಗಿ ಕೈಕಟ್ಟಿ ನಿಂತುಕೊಂಡ.

ಹನ್ನೆಕೆ ಐವತ್ತರ ಹೆಂಗಸು, ಬಾಚದ ಬಿಳಿ ಕೂದಲು, ಕೈಯಲ್ಲಿ ಕಾಫಿ. ಹೇಗಿದ್ದೀರಿ ಎಂದೂ ಕೇಳಲಿಲ್ಲ. ಮೊದಲು ಮಹಾಶ್ವೇತಾ ಮೇಡಂ ಪತ್ರ ಓದಿದಳು: ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದಳೆಂದು ಅಂಕಪಟ್ಟಿಯ ಪಕ್ಕದಲ್ಲಿ ಬರೆದುಕೊಂಡಿದ್ದೆ, ಅವಳ ಬರವಣಿಗೆ ಸಾಧಾರಣ, ಕಣ್ಣು ಸೂಕ್ಷ್ಮ. ನಂತರ ಇನ್ನೊಂದು ಪತ್ರ ಎತ್ತಿಕೊಂಡು ಒಂದೇ ಧ್ವನಿಯಲ್ಲಿ ಓದುತ್ತ ಹೋದಳು.

'ಈಕೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಮೇಲಿನವರಿಗೆ ಮರ್ಯಾದೆ ಕೊಡುವುದು ಇವಳಿಗೆ ಗೊತ್ತಿಲ್ಲ. ನಾನು ಸಹಿ ಹಾಕಿ ಮುಗಿಸಿದ ಶೀಟುಗಳನ್ನು, ಯಾರೂ ಕೇಳದಿದ್ದರೂ, ಮತ್ತೆ ತೆಗೆದು ನೋಡುತ್ತಾಳೆ. ಕಳೆದ ಒಂದು ವರ್ಷದಲ್ಲೇ ನನ್ನ ಸಹಿಯಿದ್ದ ಮೂವತ್ತೊಂದು ಶೀಟುಗಳನ್ನು ವಾಪಸ್ ಕಳಿಸಿದ್ದಾಳೆ. ಫೆಬ್ರವರಿಯಲ್ಲಿ ಡಾಕ್ಟರ ಟ್ರೇಯಿಂದಲೇ ಸ್ಲೈಡುಗಳನ್ನು ಎತ್ತಿಕೊಂಡು ಬಂದಳು. ಹೇಳಿದ ಕೆಲಸ ಮಾಡಿಕೊಂಡು ಸುಮ್ಮನಿರುವುದು ಇವಳಿಂದ ಸಾಧ್ಯವಿಲ್ಲ.'

ಹನ್ನೆಕೆ ಹಾಳೆಯನ್ನು ಕೆಳಗಿಟ್ಟಳು. "ಇದು ನಿಜವೇ?"

ಗೋಡೆಯ ಹತ್ತಿರ ಜಯೇಶ ಎರಡೂ ಕೈಗಳನ್ನು ಜೋರಾಗಿ ಆಡಿಸುತ್ತಿದ್ದ. ಇಲ್ಲ ಅನ್ನು, ಇಲ್ಲ ಅನ್ನು. ನಿಶ್ಮಿತಾಳ ನಾಲಿಗೆಯ ತುದಿಯಲ್ಲೂ ಅದೇ ಇತ್ತು: ಇಲ್ಲ ಮೇಡಂ, ಏನೋ ತಪ್ಪು ತಿಳುವಳಿಕೆ, ಅವರು ನನ್ನ ಗುರುಗಳ ಸಮಾನ. ಚಿಕ್ಕಂದಿನಿಂದ ಕಲಿಸಿದ್ದೇ ಅದನ್ನು. ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು.

"ಒಂದು ತಪ್ಪಿದೆ" ಎಂದಳು. "ಮೂವತ್ತೊಂದಲ್ಲ. ನಲವತ್ತಮೂರು."

ಜಯೇಶ ಹಣೆಗೆ ಕೈ ಹಚ್ಚಿಕೊಂಡ.

"ಆ ನಲವತ್ತಮೂರರಲ್ಲಿ ನೀವು ಸರಿಯಿದ್ದದ್ದು ಎಷ್ಟು ಸಲ?"

"ನಲವತ್ತೊಂದು. ಎರಡು ಸಲ ನನ್ನದೇ ತಪ್ಪು. ಯಾವ ದಿನವೆಂದು ಹೇಳಬಲ್ಲೆ."

ಹನ್ನೆಕೆ ಏನೋ ಬರೆದುಕೊಂಡಳು. "ಫೆಬ್ರವರಿಯಲ್ಲಿ ಟ್ರೇಯಿಂದ ಸ್ಲೈಡು ಯಾಕೆ ತಂದಿರಿ?" ನಿಶ್ಮಿತಾ ಹೇಳಿದಳು. "ಅದನ್ನು ರಿಜಿಸ್ಟರಿನಲ್ಲಿ ಬರೆದಿರಾ?"

"ಇಲ್ಲ."

"ಯಾಕೆ?"

"ಹೆದರಿಕೆಯಾಯಿತು."

"ಅದು ಸರಿಯಲ್ಲ" ಎಂದಳು ಹನ್ನೆಕೆ. ಬಯ್ಯುವ ಧ್ವನಿಯೂ ಅಲ್ಲ, ಸಮಾಧಾನದ ಧ್ವನಿಯೂ ಅಲ್ಲ. ಇಷ್ಟು ಸಣ್ಣ ಮಾತಿಗೆ ನಿಶ್ಮಿತಾಳ ಕಣ್ಣು ತುಂಬಿಬಂತು. ಗೋಪೀನಾಥನ ಎಂಟು ವರ್ಷದ ಬೈಗುಳ ತಟ್ಟದ ಜಾಗಕ್ಕೆ ಅದು ತಟ್ಟಿತ್ತು.

ಸೀಟು ಸಿಕ್ಕಿತು. ಗುರುವಾರ ಮೇಲ್ ಬಂತು, ಅದೂ ಎರಡೇ ಸಾಲು. ಎರಡನೆಯದು: 'ನಿಮ್ಮ ಮ್ಯಾನೇಜರಿನ ಪತ್ರ ಈ ವರ್ಷ ನಮಗೆ ಬಂದವುಗಳಲ್ಲೆಲ್ಲ ಹೆಚ್ಚು ಉಪಯುಕ್ತವಾದದ್ದು.' ಜೊತೆಗೆ ಆ ಪತ್ರದ ಪ್ರತಿಯೂ ಇತ್ತು. ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ಒಬ್ಬಳೇ ನಕ್ಕಳು. ಗೋಪೀನಾಥ ತಾನು ಬರೆದದ್ದನ್ನೂ ಓದದೆ ಸಹಿ ಹಾಕಿದ್ದ. ಅವಳ ಸೊಕ್ಕನ್ನು ಲೆಕ್ಕ ಹಾಕಲು ಹೋಗಿ ತನ್ನ ತಪ್ಪುಗಳ ಲೆಕ್ಕ ಕೊಟ್ಟಿದ್ದ, ಅದನ್ನೂ ತಪ್ಪಾಗಿ.

ಕೋರ್ಸು ಸೆಪ್ಟೆಂಬರಿಗಾದರೂ ಮೊದಲ ಪಾಠಗಳು ಆಗಸ್ಟಿನಲ್ಲೇ ಆನ್‌ಲೈನ್ ಶುರುವಾದವು, ಅವಳಿನ್ನೂ ವೆಸ್ಟ್‌ಮೀಡಿನ ಫ್ಲ್ಯಾಟಿನಲ್ಲಿ ಡಬ್ಬ ಕಟ್ಟುತ್ತಿರುವಾಗಲೇ. ಮೊದಲ ಅಸೈನ್‌ಮೆಂಟ್ ನೋಡಿ ಅವಳ ಕೈ ನಿಂತಿತು. ನೀವು ಕೆಲಸದಲ್ಲಿ ಕಂಡ ಒಂದು ತಪ್ಪನ್ನು ಬರೆಯಿರಿ. ಆ ತಪ್ಪಿನ ಬಗ್ಗೆ ಏನು ಕ್ರಮ ನಡೆಯಿತೆಂದು ಬರೆಯಿರಿ. ಮೊದಲ ಭಾಗವನ್ನು ಅವಳು ಒಂದೇ ಕೂತಿಗೆ ಬರೆದಳು. ಎರಡನೇ ಭಾಗಕ್ಕೆ ಬರೆಯಲು ಏನೂ ಇರಲಿಲ್ಲ. ಮೂರು ಸಲ ಡೆಬ್ರಾಳ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಸೀಟು ಸಿಕ್ಕಿದರೇನು, ಹೆದರಿಕೆ ಹಳೆಯದು. ಸೋಮವಾರ ಕೊಡಬೇಕಿತ್ತು. ಅವಳ ಲ್ಯಾಬಿನ ಕೊನೆಯ ದಿನ ಶುಕ್ರವಾರ.

ಶುಕ್ರವಾರ ಮಧ್ಯಾಹ್ನ ಟೀ ರೂಮಿನಲ್ಲಿ ಕೇಕು ತಂದಿಟ್ಟರು. ಎಲ್ಲರೂ ಸೇರಿದರು. ಡೆಬ್ರಾ ನಾಲ್ಕು ಒಳ್ಳೆಯ ಮಾತಾಡಿದಳು. ಆಮೇಲೆ ಗೋಪೀನಾಥ ಮುಂದೆ ಬಂದು ನಿಶ್ಮಿತಾಳ ಹೆಗಲ ಮೇಲೆ ಕೈಯಿಟ್ಟು, ತನ್ನ ದೇವರಂಥ ಇಂಗ್ಲಿಷಿನಲ್ಲಿ, ಈ ಹುಡುಗಿಯನ್ನು ಕರೆಸಿದ್ದು ನಾನು, ಬೆಳೆಸಿದ್ದು ನಾನು, ಈಗ ಯೂರೋಪಿನಲ್ಲಿ ಸೀಟು ಸಿಕ್ಕಿದ್ದೂ ನನ್ನ ಪತ್ರದಿಂದ ಎಂದು ಹೇಳಿ ನಕ್ಕ. ಇವಳು ಬಾಯಿ ಬಿಡುವವಳಲ್ಲ ಎಂಬ ಎಂಟು ವರ್ಷದ ಭರವಸೆ ಅವನಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳಿಗೆ ಉರಿದುಹೋಯಿತು. ಉರಿಯಲು ಇನ್ನೊಂದು ಕಾರಣವೆಂದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

"ಸರ್ ಹೇಳಿದ್ದು ನಿಜ" ಎಂದಳು ಅವಳು ಇಂಗ್ಲಿಷಿನಲ್ಲಿ, ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ. "ಅವರ ಪತ್ರದಿಂದಲೇ ಸಿಕ್ಕಿದ್ದು. ನನಗದು ಬಾಯಿಪಾಠವಾಗಿದೆ." ಹೆಗಲ ಮೇಲಿನ ಕೈ ಸಡಿಲವಾಯಿತು. ಅವಳು ಮೊದಲ ವಾಕ್ಯದಿಂದ ಶುರುಮಾಡಿ ಕೊನೆಯವರೆಗೂ ಹೇಳಿದಳು. ಮೇಲಿನವರಿಗೆ ಮರ್ಯಾದೆ ಕೊಡುವುದು ಇವಳಿಗೆ ಗೊತ್ತಿಲ್ಲ ಎಂಬಲ್ಲಿ ಇಬ್ಬರು ತಮಾಷೆಯೆಂದು ನಕ್ಕರು. ಮೂವತ್ತೊಂದು ಶೀಟುಗಳು ಎಂಬಲ್ಲಿಗೆ ಯಾರೂ ನಗುತ್ತಿರಲಿಲ್ಲ. ಡೆಬ್ರಾ ಕೇಕಿನ ಚಾಕುವನ್ನು ಕೆಳಗಿಟ್ಟಳು.

"ಮೂವತ್ತೊಂದು? ನಿನ್ನ ಸಹಿ ಇದ್ದದ್ದು?" ಎಂದು ಗೋಪೀನಾಥನನ್ನು ಕೇಳಿದಳು.

ಅವನು ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ನಗುನಗುತ್ತಲೇ, ನಿಶ್ಮಿತಾಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ಬಾಯ್ ಮುಚ್ಕೊಂಡು ಕೇಕ್ ತಿಂದು ಹೋಗ್ತಾ ಇರು. ಫೆಬ್ರವರಿ ವಿಷ್ಯ ಏನಾದ್ರೂ ಬಾಯ್ಬಿಟ್ಯೋ, ನೆಟ್ಟಗಿರಲ್ಲ."

ಡೆಬ್ರಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ನಿನಗೆ ಈಗ ಅವನು ಏನು ಹೇಳಿದ?" ಎಂದು ಕೇಳಿದಳು.

ಎಂಟು ವರ್ಷದಲ್ಲಿ ಆ ಲ್ಯಾಬಿನಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಿಶ್ಮಿತಾ ಈಗಲೂ ಐದನೇ ಕ್ಲಾಸಿನ ಹುಡುಗಿಯೇ. ಅವಳು ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅವನು ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿದಳು. ಒಂದು ಪದವನ್ನೂ ಬಿಡಲಿಲ್ಲ, ಒಂದು ಪದವನ್ನೂ ಸೇರಿಸಲಿಲ್ಲ. ಗೋಪೀನಾಥನ ನಗು ಮುಖದ ಮೇಲೆಯೇ ಉಳಿದಿತ್ತು, ತೆಗೆಯಲು ಮರೆತವನ ಹಾಗೆ.

ಡೆಬ್ರಾ ಕುರ್ಚಿ ಎಳೆದುಕೊಂಡು ಕೂತಳು. ಇನ್ನೊಂದನ್ನು ನಿಶ್ಮಿತಾಳ ಕಡೆ ತಳ್ಳಿದಳು. "ಫೆಬ್ರವರಿಯಲ್ಲಿ ಏನಾಯಿತು?"

ನಿಶ್ಮಿತಾ ಕೂತಳು. ಆ ಇಬ್ಬರು ಹೆಂಗಸರ ಹೆಸರಿನಿಂದ ಶುರುಮಾಡಿದಳು.